ಹ್ಯಾಂಗ್ ಆದ ಸ್ಕ್ರೀನು

ಮಾರ್ಚ್ 3, ಸೋಮವಾರ

ಮನ್ಯಾಗ ಚೇಳು ಬಂತು. ಅಂಥಿಂಥಾದ್ದಲ್ಲ. ಅಂಗೈ ಅಗಲ, ಕರ್ರಗ, ಕೊಂಡಿ ಎತ್ತಿಕೊಂಡು ಮ್ಯಾಲಿನ ಖೋಲಿಗೆ ಹೋಗೂ ಮೆಟ್ಲ ಒಂದೊಂದ ಏರಲಿಕತ್ತಿತ್ತು, ಯಾರೋ ಚಹಾಕ್ಕ ಕರದಾರ ಅನ್ನಂಗ. ನಾ ಕೆಳಗ ನಿಂತು "ಚೇಳು! ಚೇಳು! ಪ್ರಿಯಾ, ಬಾಗಲಾ ಹಾಕ್ಕೋ! ಮ್ಯಾಲ ಬಂತು!" ಅಂತ ಒದರಿದೆ. ಎದುರು ಮನಿ ಗುಲ್ಶನ್ ಬೇಗಂ ಕಸಬರಗಿ ಹಿಡಕೊಂಡು ಓಡಿ ಬಂದ್ಲು. ನನ್ನ ಹೆಂಡ್ತಿ ತುಳಸಿ ಲಟ್ಟಣಿಗಿ ಹಿಡಕೊಂಡು ಬಂದ್ಲು. ಮ್ಯಾಲ ಧಡಲ್ ಅಂತ ಸಪ್ಪಳ ಆತು.

ಇಷ್ಟು ಬರದು ಓದಿ ನೋಡಿದೆ. ಛಲೋ ಬಂದದ. ಒಂದ ಕಸರು: ಚೇಳು ಇದ್ದಿಲ್ಲ. ಕೊಂಡಿ, ಬಣ್ಣ, ಮೆಟ್ಲ ಏರಿದ್ದು ಎಲ್ಲಾ ನನ್ನ ಬಾಯಾಗಿಂದ ಬಂದದ್ದು. ಬಾಕಿ ಖರೇ. ಕಸಬರಗಿ ಖರೇ, ಲಟ್ಟಣಿಗಿ ಖರೇ, ಧಡಲ್ ಸಪ್ಪಳನೂ ಖರೇ. ಯಾರೂ ಓದದ ದಿನಚರ್ಯಾಗೂ ಸುಳ್ಳು ಬರೀತೀಯಲ್ಲೋ ವಿಠ್ಠಲರಾಯಾ ಅಂದ್ರ, ಎಪ್ಪತ್ತು ದಾಟಿದ ರೂಢಿ, ಪೆನ್ನು ಹಿಡದ ಕೂಡ್ಲೇ ಬಿಡ್ತದೇನು?

ಪ್ರಿಯಾ ಅಂದ್ರ ಪ್ರಿಯದರ್ಶಿನಿ. ನಮ್ಮನಿ ಮ್ಯಾಲಿನ ಖೋಲಿ ಬಾಡಿಗಿಗೆ ಹಿಡದಾಕಿ. ಮಾನ್ವಿ ಕಡೆ ಹಿರೇಕೊಟ್ನೆಕಲ್ಲಿನಾಕಿ. ಮನಿಯವರು ಕುರಿ ಮೇಸ್ತಾರ, ಈಕಿ ಮೊಬೈಲ್ ಆ್ಯಪ್ ಮಾಡೂದು ಕಲತಾಳ. ದೇವದುರ್ಗದಾಗ ಒಂದು ತರಬೇತಿ ಕೇಂದ್ರ ಅದ, ಏನೂ ಗೊತ್ತಿಲ್ಲದ ಹುಡುಗರಿಗೆ ಆ್ಯಪ್ ಮಾಡೂದು ಮೊದಲಿಂದ ಕಲಸ್ತಾರ. ಅಲ್ಲಿಗೆ ಕಲಸೋರು ಬೇಕಾಗ್ಯಾರ. ಇವತ್ತ ಮಧ್ಯಾಹ್ನ ಮೊಬೈಲಿನ್ಯಾಗ ಮಾರಿ ತೋರಿಸಿ ಈಕಿ ಒಂದು ಪಾಠ ಮಾಡಬೇಕಿತ್ತು. ಆ್ಯಪಿನ ಸ್ಕ್ರೀನುಗಳನ್ನ ಹ್ಯಾಂಗ ಜೋಡಿಸಬೇಕು, ಒಂದರಿಂದ ಇನ್ನೊಂದಕ್ಕ ಹೋಗೂ ದಾರಿ ಹ್ಯಾಂಗ ಇಡಬೇಕು, ಇದು ವಿಷಯ.

ಪಾಠ ಶುರು ಆಗಿತ್ತು. ನನ್ನ ಚೇಳೂ ಶುರು ಆತು. ಆಕಿ ಮಂಚದ ಮ್ಯಾಲ ಜಿಗದ್ಲು, ಮೊಬೈಲ್ ಅಂಗಾತ ಬಿತ್ತು. ದೇವದುರ್ಗದ ದೊಡ್ಡ ಮಂದಿಗೆ ತಿರುಗೂ ಫ್ಯಾನ್ ಕಂಡದ, "ಯವ್ವಾ, ಯವ್ವಾ" ಅನ್ನೂದು ಕೇಳ್ಯದ. ಅವರು ನಕ್ಕಾರ. ನಕ್ಕ ಮ್ಯಾಲ ಆಕಿ ಬಾಯಿಂದ ಒಂದು ಮಾತು ಹೊಂಟಿಲ್ಲ. ಫೋನ್ ಕಟ್.

ಮುಂಜಾನಿ ತುಳಸಿ ಹೇಳಿದ್ಲು, "ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಕೂಡ್ರಿ, ಹುಡುಗಿ ಪರೀಕ್ಷಾ ಅದ." ಗೊತ್ತಿದ್ದೂ ಯಾಕ ಒದರಿದಿ ಅಂದ್ರ, ಮಧ್ಯಾಹ್ನ ಭಾಳ ಉದ್ದ ಇತ್ತು.

ಮಾರ್ಚ್ 4, ಮಂಗಳವಾರ

ತುಳಸಿ ಮಾತು ಬಿಟ್ಟಾಳ. ನನ್ನ ಜೋಡಿ ಮಾತ್ರ. ಅಡಗಿಮನ್ಯಾಗ ನಿಂತಾಳ, ನಾ ಎರಡು ಮಾರು ದೂರ ಪಡಸಾಲ್ಯಾಗ ಕೂತೀನಿ. ಮೆಟ್ಲ ಕಡೆ ಮಾರಿ ಮಾಡಿ ಕೂಗ್ತಾಳ:

"ಪ್ರಿಯಾ! ಅವರಿಗೆ ಹೇಳವ್ವಾ, ಎಲಿ ಹಾಕೇದ ಅಂತ."

ಹುಡುಗಿ ಕೆಳಗ ಇಳದು ಬಂದು ನನ್ನ ಮುಂದ ನಿಂತ್ಲು. ಕಣ್ಣು ಉಬ್ಬಿದ್ವು. "ಅಜ್ಜಾರ, ಎಲಿ ಹಾಕೇದಂತ್ರಿ."

"ಬಂದೆ ಅಂತ ಹೇಳು."

"ಬರ್ತಾರಂತ್ರಿ ಅಮ್ಮಾರ."

"ಕೈಕಾಲು ತೊಳಕೊಂಡು ಬರಬೇಕಂತ ಹೇಳು."

ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜ್ ಆತು ನಮ್ಮನಿ. ಹುಡುಗಿಗೆ ನೌಕರಿ ಆಗೂತನಾ ಹಿಂಗ ಅಂತ. ಮೌನಗೌರಿ ವ್ರತ. ನನಗೇನು, ಆರಾಮ ಆತು. ಮನಿ ತಂಪದ.

ಕೇಂದ್ರದ ಮುಖ್ಯಸ್ಥ ಜಹೀರುದ್ದೀನ್ ಅಂತ. ಛಲೋ ಮನಶ್ಯಾ ಇದ್ದಂಗದ. ಈಕಿ ಫೋನ್ ಮಾಡಿ ಬೇಡಿಕೊಂಡದ್ದಕ್ಕ ಇನ್ನೊಂದು ಸಲ ಬಾ ಅಂದಾನ. ಇಪ್ಪತ್ತೆಂಟಕ್ಕ, ದೇವದುರ್ಗಕ್ಕೇ, ಖರೇ ವಿದ್ಯಾರ್ಥಿಗಳ ಮುಂದ. "ಈ ಸಲ ಚೇಳಿಲ್ಲದ ಕಡೆ ಪಾಠ ಮಾಡು ಬೇಟಾ" ಅಂದನಂತ.

ಇದೂ ಹೋದ್ರ ಏನು ಅಂತ ಕೇಳಿದೆ.

"ಇದೂ ಹೋದ್ರ ಹತ್ತಿ ಮಿಲ್ರೀ. ನಮ್ಮ ಮಾವ ಮಾತಾಡಿ ಇಟ್ಟಾನ. ತೂಕದ ಚೀಟಿ ಬರಕೋತ ಕುಂದ್ರೂದು. ಉಗಾದಿ ಆದ ಮ್ಯಾಲ ಹೋಗಬೇಕು."

"ಅದೂ ನೌಕರೀನ."

"ಹೌದ್ರಿ. ಆದ್ರ ನನಗ ಕಲಸಬೇಕ್ರೀ ಅಜ್ಜಾರ. ಕಲಸೂದು ಬರ್ತದ ನನಗ. ಮಂದಿ ನಕ್ರಂದ್ರ ಅಷ್ಟ, ಬಾಯಿ ಬಂದ್ ಆಗ್ತದ."

ಒಳಗಿಂದ ತುಳಸಿ: "ಪ್ರಿಯಾ, ಅವರಿಗೆ ಹೇಳು, ದಿನಾ ಸಂಜಿಗೆ ನಿನ್ನ ಮುಂದ ವಿದ್ಯಾರ್ಥಿಯಾಗಿ ಕೂಡಬೇಕಂತ. ಅವರಿಗಿಂತಾ ಕಿಡಿಗೇಡಿ ದೇವದುರ್ಗದಾಗ ಹುಡುಕಿದ್ರೂ ಸಿಗಂಗಿಲ್ಲ."

ಹುಡುಗಿ ನನ್ನ ಮಾರಿ ನೋಡಿದ್ಲು. "ಹೇಳಬೇಕೇನ್ರಿ?"

"ಬ್ಯಾಡ, ಮುಟ್ಟಿತು."

ಮಾರ್ಚ್ 6, ಗುರುವಾರ

ಮೊದಲನೇ ಪಾಠ. ಪ್ರಿಯಾ ತುಳಸಿ ಕಡಿಂದ ರೊಟ್ಟಿ ಬುಟ್ಟಿ ಇಸಗೊಂಡು ಬಂದಿದ್ಲು.

"ಆ್ಯಪಿನ್ಯಾಗ ಸ್ಕ್ರೀನು ಒಂದರ ಮ್ಯಾಲ ಒಂದು ಕುಂದರ್ತಾವ್ರಿ, ರೊಟ್ಟಿ ಇದ್ದಂಗ. ಹೊಸಾ ಸ್ಕ್ರೀನ್ ತಗದ್ರ ಮ್ಯಾಲ ಒಂದು ರೊಟ್ಟಿ ಬಿತ್ತು. ಕೆಳಗಿಂದು ಎಲ್ಲೂ ಹೋಗಿಲ್ಲ, ಕಾಣಂಗಿಲ್ಲ ಅಷ್ಟ. ಹಿಂದಕ್ಕ ಅಂತ ಒತ್ತಿದ್ರ ಮ್ಯಾಲಿಂದು ತಗದಂಗ. ಇದಕ್ಕ ಸ್ಟ್ಯಾಕ್ ಅಂತಾರ."

"ನಡುವಿಂದು ಬೇಕಾದ್ರ?"

"ನಡುವಿಂದು ಜಗ್ಗಬಾರದ್ರಿ."

"ನಾ ಯಾವಾಗ್ಲೂ ನಡುವಿಂದ ಜಗ್ತೀನಿ. ಮೆತ್ತಗ ಇರ್ತದ."

"ಅಜ್ಜಾರ..."

"ಎಣ್ಣಿ ಹಚ್ಚಿದ ಸ್ಕ್ರೀನ್ ಸಿಗ್ತದೇನು?"

ಬಾಯಿ ಬಂದ್. ಕಿವಿ ಕೆಂಪಾದ್ವು, ಬುಟ್ಟಿ ನೋಡಿಕೋತ ಕೂತ್ಲು. ಅಡಗಿಮನ್ಯಾಗ ಪಾತ್ರಿ ಜೋರಾಗಿ ಬಿತ್ತು. ಅದು ನನಗ ಅಂತ ಗೊತ್ತು, ಪಾತ್ರಿಗೆ ಮಧ್ಯಸ್ಥಗಾರರು ಬೇಕಿಲ್ಲ.

ಆ್ಯಪ್ ಅನ್ನೂದು ಆಪತ್ತಿನ ಮೊದಲರ್ಧ ಅಂತ ಒಂದು ಮಾತು ಹೊಳದಿತ್ತು. ನಾಳಿ ಹೇಳಿದ್ರಾತಂತ ಇಟ್ಟೆ.

ಮಾರ್ಚ್ 10, ಸೋಮವಾರ

ಏಕಾದಶಿ. ಹೊಟ್ಟಿ ಖಾಲಿ, ತಲಿ ಚುರುಕು.

ನಾನೂ ಒಂದು ಆ್ಯಪ್ ಮಾಡಲಿಕತ್ತೀನಿ. ಹೆಸರು 'ನೆಪ'. ಆಕಿ ಲ್ಯಾಪ್‌ಟಾಪಿನ ಮ್ಯಾಲ ಆಕಿ ಹೇಳಿದಂಗ ಒತ್ತೂದು, ನನ್ನ ಮೊಬೈಲಿನ್ಯಾಗ ಬರ್ತದ. ಮೂರು ಸ್ಕ್ರೀನು. ಮೊದಲನೇದು ಹೋಮ್. ಎರಡನೇದರಾಗ ತುಳಸಿ ಕೇಳೂ ಪ್ರಶ್ನಿ: ಎಲ್ಲಿಗೆ ಹೋಗಿದ್ರಿ, ಕೊತಂಬ್ರಿ ಯಾಕ ತಂದಿಲ್ಲ, ಚಾಳೀಸು ಎಲ್ಲಿಟ್ರಿ. ಪ್ರಶ್ನಿ ಒತ್ತಿದ್ರ ಮೂರನೇದರಾಗ ನೆಪ. ನೆಪದ ಕೆಳಗ ಮತ್ತ ಹೋಮಿಗೆ ಹೋಗೂ ಬಟನ್.

ಛಲೋ ಓಡ್ತು. ಆಟ ಆಡಿಕೋತ ಕೂತೆ. ಆಮ್ಯಾಲ ಹೊರಗ ಬರಬೇಕಂತ ಹಿಂದಕ್ಕ ಒತ್ತಿದ್ರ ನೆಪ ಬಂತು. ಮತ್ತ ಒತ್ತಿದ್ರ ಪ್ರಶ್ನಿ. ಮತ್ತ ಹೋಮ್. ಮತ್ತ ನೆಪ, ಪ್ರಶ್ನಿ, ಹೋಮ್. ಮುಗೀವಲ್ದು.

"ಇದೇನವ್ವಾ, ಹೋಮದ ಮ್ಯಾಲ ಹೋಮ! ಪೂರ್ಣಾಹುತಿ ಯಾವಾಗ?"

ಆಕಿ ನೋಡಿದ್ಲು. ನಕ್ಲು. ಒಂದು ವಾರದಾಗ ಮೊದಲನೇ ಸಲ. "ಹೋಮ್ ಬಟನ್ನಿಗೆ ನೀವು ಏನ್ ಹೇಳೀರಿ ನೋಡ್ರಿ. ಹೊಸಾ ಹೋಮ್ ತಂದು ಮ್ಯಾಲ ಹಾಕು ಅಂದೀರಿ. ಒತ್ತಿದಷ್ಟು ಸಲ ಹೊಸಾದು ಬಿದ್ದದ. ಹೊಸದಾಗಿ ಕಲಿಯೋರು ಎಲ್ಲಾರೂ ಇದನ್ನ ಮಾಡ್ತಾರ, ನಾನೂ ಮಾಡಿದ್ದೆ. ಮನಿಗೆ ಹೋಗೂದಂದ್ರ ಹೊಸಾ ಮನಿ ಕಟ್ಟೂದಲ್ರಿ ಅಜ್ಜಾರ. ಮ್ಯಾಲಿನವು ತಗೀರಿ, ಇದ್ದ ಮನಿ ಕೆಳಗ ಅದ."

ತಗದೆ. ಕೆಳಗ ಇತ್ತು.

ರಾಯಚೂರು ಸ್ಟೇಷನ್ನಿನ್ಯಾಗ ಬುಕಿಂಗ್ ಕ್ಲರ್ಕ್ ಆಗಿ ಕೂತು ಕಿಡಕಿ ಕಿಂಡ್ಯಾಗ ಮಂದಿಗೆ ಟಿಕೀಟು ಕೊಟ್ಟೆ. ಎಲ್ಲಾರಿಗೂ ಹೋಗೂದು. ಬರೂದು ಯಾರು ಕೊಡ್ತಿದ್ರೋ, ಅದರ ಬಗ್ಗೆ ವಿಚಾರ ಮಾಡಿದ್ದಿಲ್ಲ.

ಆಪತ್ತಿನ ಮಾತು ಇವತ್ತೂ ಹೇಳಲಿಲ್ಲ.

ಮಾರ್ಚ್ 13, ಗುರುವಾರ

ಲಾಗಿನ್ ಪಾಠ. ಲಾಗಿನ್ ಅಂದ್ರ ಲಾಗಾ ಹೊಡಿಯೂದೇನು ಅಂದೆ. "ಹೊಡೀರಿ, ನೋಡ್ತೀನಿ" ಅಂದ್ಲು. ಹುಡುಗಿ ಸುಧಾರಿಸ್ಲಿಕತ್ತಾಳ.

ಹೆಸರು, ಗುರುತು ಹೇಳಿ ಒಳಗ ಬಂದ ಮ್ಯಾಲ ಹಿಂದಕ್ಕ ಒತ್ತಿದ್ರ ಲಾಗಿನ್ ಸ್ಕ್ರೀನ್ ಮತ್ತ ಕಾಣಬಾರದಂತ. ಅದನ್ನ ಬುಟ್ಟ್ಯಾಗ ಬಿಡಬಾರದು, ತಗದು ಅದರ ಜಾಗಾದಾಗ ಹೋಮ್ ಇಡಬೇಕು.

ನಾ ಅಂದೆ, "ಇದು ನಮ್ಮನಿ ಮಡಿ. ತುಳಸಿ ಸ್ನಾನ ಮಾಡಿ ಮಡಿ ಉಟ್ಟು ದೇವರ ಖೋಲಿಗೆ ಹೋದ್ಲಂದ್ರ ಮತ್ತ ಬಚ್ಚಲಕ್ಕ ಬರಂಗಿಲ್ಲ. ದೇವರ ಖೋಲಿಯಿಂದ ಅಡಗಿಮನಿ, ಅಡಗಿಮನಿಯಿಂದ ದೇವರ ಖೋಲಿ. ಪಡಸಾಲ್ಯಾಗ ಯಾರರೇ ಮುಟ್ಟಿದ್ರ ಮತ್ತ ಮೊದಲಿಂದ ಸ್ನಾನ."

"ಲಾಗೌಟ್!" ಅಂತ ಚಪ್ಪಾಳಿ ಹೊಡದ್ಲು. "ಭಾಳ ಬರಾಬರಿ ಅದ್ರಿ. ಇದನ್ನ ಪಾಠದಾಗ ಹೇಳ್ತೀನಿ." ಬರಕೊಂಡ್ಲು. ಬರಕೋತ, ತಲಿ ಎತ್ತದೇ ಕೇಳಿದ್ಲು, "ಹಂಗಾರ ಅಜ್ಜಾರ, ನನ್ನಂಥಾಕಿ ಎಷ್ಟನೇ ಸ್ಕ್ರೀನ್ ತನಾ ಬರಬೌದ್ರಿ?"

ನಾ ಚಾಳೀಸಿನ ಗಾಜು ಒರಸಿದೆ. ಈಕಿ ಅಡಗಿಮನಿ ಹೊಸ್ತಿಲ ಹೊರಗ ನಿಂತು ದಿನಾ ನಮ್ಮಿಬ್ಬರ ಮಾತು ಆಕಡೆ ಈಕಡೆ ಮುಟ್ಟಸ್ಲಿಕತ್ತಾಳ. ಹೊಸ್ತಿಲ ಮ್ಯಾಲೂ ಕಾಲಿಟ್ಟಿಲ್ಲ.

ಒಳಗ ಪಾತ್ರಿ ಸಪ್ಪಳ ನಿಂತಿತು. ಆಮ್ಯಾಲ ಮತ್ತ ಶುರು ಆತು.

ಮಾರ್ಚ್ 14, ಶುಕ್ರವಾರ

ಹೋಳಿ. ಯಾರಿಗೂ ಬಣ್ಣ ಹಚ್ಚಲಿಲ್ಲ. ಬ್ಯಾಸರ ಅಂತಲ್ಲ, ಸುಮ್ಮನ.

ಮಾರ್ಚ್ 19, ಬುಧವಾರ

ಮಾನ್ವಿಗೆ ಹೋಗಿದ್ವಿ, ತುಳಸಿ ತಂಗಿ ಮನಿಗೆ. ಬಸ್ಸಿನ್ಯಾಗ ಪ್ರಿಯಾ ಇಲ್ಲ. ತುಳಸಿ ಒಂದು ಸೀಟು, ನಾ ಹಿಂದಿನ ಸೀಟು. ಊರು ದಾಟಿದ ಮ್ಯಾಲ ಆಕಿ ಕಂಡಕ್ಟರನ್ನ ಕರದ್ಲು. "ಹಿಂದ ಕೂತಾರಲ್ಲ, ಅವರಿಗೆ ಕಿಡಕಿ ಕಡೆ ಸರೀಲಿಕ್ಕೆ ಹೇಳ್ರಿ. ಅವರಿಗೆ ಬಸ್ಸು ಆಗಂಗಿಲ್ಲ, ವಾಂತಿ ಮಾಡ್ಕೋತಾರ."

ಕಂಡಕ್ಟರ್ ಆಕಿನ್ನ ನೋಡಿದ, ನನ್ನ ನೋಡಿದ. "ಯಾರ್ರೀ ಇವರು ನಿಮಗ?"

"ಗುರ್ತಿನವರು" ಅಂದ್ಲು.

ಕಿಡಕಿ ಕಡೆ ಸರದೆ.

ಅಲ್ಲೆ ತಂಗಿ ಮೊಮ್ಮಗ ಅಕ್ಷೋಭ್ಯ ಬಂದಿದ್ದ, ಎಂಜಿನಿಯರಿಂಗ್ ಓದ್ತಾನ. 'ನೆಪ' ತೋರಿಸಿದೆ. ಎರಡು ಸಲ ಒತ್ತಿ ನಕ್ಕ. "ಅಜ್ಜಾ, ಇದು ಬಾಲವಾಡಿ ಲೆವೆಲ್" ಅಂತ ತನ್ನ ಗೆಳ್ಯಾರಿಗೆ ತೋರಿಸಿದ. ಅವರೂ ನಕ್ಕರು. ಒಬ್ಬಾಂವ ಹೋಮ್ ಬಟನ್ ಒತ್ತಿ ಒತ್ತಿ ನೋಡಿದ, ಅದು ಬರಾಬರಿ ಮನಿಗೇ ಹೋಗ್ತಿತ್ತು, ಅದನ್ನ ಯಾರೂ ಅನ್ನಲಿಲ್ಲ.

ಹುಡುಗರು, ನಗ್ತಾವ. ನನಗ ಏನೂ ಅನಸಲಿಲ್ಲ. ಚಹಾ ಬ್ಯಾಡ ಅಂದೆ. ಮತ್ತ ಕೇಳಿದ್ರು, ಮತ್ತ ಬ್ಯಾಡ ಅಂದೆ. ಊಟಕ್ಕ ಕೂತಾಗ ತುಳಸಿ ತಂಗಿಗೆ ಹೇಳಿದ್ಲು, "ಅವರಿಗೆ ತುಪ್ಪ ಹಾಕು, ಯಾಕೋ ಇವತ್ತ ಗಪ್ಪಾಗ್ಯಾರ." ಗಪ್ಪಾಗಿದ್ದಿಲ್ಲ. ಮಾತಾಡೂದು ಏನೂ ಇದ್ದಿಲ್ಲ ಅಷ್ಟ.

ಮಾರ್ಚ್ 21, ಶುಕ್ರವಾರ

ಪ್ರಿಯಾ ಇವತ್ತ ಬ್ಯಾರೇ ತಯಾರಿ ಹೂಡ್ಯಾಳ. ನಾ ಪಾಠ ಮಾಡ್ತೀನಿ, ನೀವು ನಗ್ರಿ, ಎಲ್ಲೆ ಬೇಕಾದ್ರೂ ನಗ್ರಿ, ನನ್ನ ಬಾಯಿ ಬಂದ್ ಆಗ್ತದೇನು ನೋಡೂಣು ಅಂತ.

ಶುರು ಮಾಡಿದ್ಲು. ಅರ್ಧ ತಾಸು ಆತು.

"ಅಜ್ಜಾರ, ನಗವಲ್ರಲ್ಲ?"

"ಬರವಲ್ದವ್ವಾ."

"ನಿಮಗ? ನಗು ಬರವಲ್ದು?"

"ನಗೂವಂಥಾದ್ದು ಏನರೇ ಹೇಳು ಹಂಗಾರ."

ಕಡೀಕ ಸುಳ್ಳ ನಕ್ಕೆ. ಹಹ್ಹಾ ಅಂತ. ನನಗ ಕೇಳಿದ್ರ ಕೆಟ್ಟ ನಗು. ಆದ್ರ ಆಕಿ ಅದಕ್ಕೂ ಸ್ವಲ್ಪ ತಡವರಿಸಿದ್ಲು, ಆಮ್ಯಾಲ ಸಾವರಿಸಿಕೊಂಡು ಮುಂದ ಹೋದ್ಲು. ಮತ್ತ ನಕ್ಕೆ, ಮತ್ತ ಮುಂದ ಹೋದ್ಲು. ಇಪ್ಪತ್ತೆಂಟಕ್ಕ ಸಾಕಾಗ್ತದೋ ಇಲ್ಲೋ.

ದೇವದುರ್ಗದಾಗ ಮಂದೀನ್ನೇ ಸ್ಕ್ರೀನ್ ಮಾಡಿ ನಿಲ್ಲಸ್ತಾಳಂತ. ಕೊಳ್ಳಾಗ ರಟ್ಟು ಹಾಕಿ, ಅದರ ಮ್ಯಾಲ ಹೆಸರು ಬರದು. ಒಬ್ಬರ ಮುಂದ ಒಬ್ಬರು ನಿಲ್ಲೂದು, ಹಿಂದಕ್ಕ ಅಂದ್ರ ಮುಂದಿನವರು ಸರಿಯೂದು. ನಾ ಲಾಗಿನ್. ಮೊದಲು ನಾನೇ ಏಳಬೇಕು, ಹೆಸರು ಕೇಳಬೇಕು, ಕೇಳಿದ ಮ್ಯಾಲ ಪೂರಾ ಹೊರಗ ಹೋಗಬೇಕು. "ನಿಮ್ಮ ಮ್ಯಾಲೇ ಪಾಠ ನಿಂತದ ಅಜ್ಜಾರ. ಅವತ್ತ ಏನೂ ಚಾಷ್ಟಿ ಮಾಡಬ್ಯಾಡ್ರಿ, ಕೈ ಮುಗೀತೀನಿ."

ರಟ್ಟಿನ ಮ್ಯಾಲ ಅಕ್ಷರ ನಾನೇ ಬರದೆ. ದುಂಡಗ ಬಂದಾವ.

ಮಾರ್ಚ್ 28, ಶುಕ್ರವಾರ

ದೇವದುರ್ಗಕ್ಕ ಹೋಗಿ ಬಂದೆ.

ಮುಂಜಾನಿ ತುಳಸಿ ಮೊಸರನ್ನದ ಡಬ್ಬಿ ಪ್ರಿಯಾನ ಕೈಯಾಗ ಕೊಟ್ಟು, "ಅವರಿಗೆ ಹೇಳು, ಡಬ್ಬಿ ತಿರುಗಿ ತರಬೇಕಂತ. ನಮ್ಮವ್ವನ ಡಬ್ಬಿ ಅದು" ಅಂದ್ಲು. ಗಬ್ಬೂರು ಬರೂದ್ರಾಗ ನಾ ಅದನ್ನ ಖಾಲಿ ಮಾಡಿದ್ದೆ. ಪ್ರಿಯಾ ಏನೂ ತಿನ್ನಲಿಲ್ಲ. ಕಿಡಕ್ಯಾಗ ಹತ್ತಿ ಗಾಡಿ ನೋಡಿಕೋತ ತುಟಿ ಅಲ್ಲಾಡಸ್ತಿದ್ಲು, ಪಾಠ ಅಂತಿದ್ಲು.

ಹಳೇ ಕಟ್ಟಡ. ನೆಲಕ್ಕ ಫರಸಿ ಕಲ್ಲು, ಅಲ್ಲಲ್ಲಿ ಎದ್ದು ಸಂದಿ ಬಿಟ್ಟಿದ್ವು. ಚಪ್ಪಲಿ ಹೊರಗ ಬಿಟ್ಟು ಒಳಗ ಬರಬೇಕು. ಒಂದು ಖೋಲಿ ತುಂಬ ಹುಡುಗರು ಹುಡುಗ್ಯಾರು. ಜಹೀರುದ್ದೀನ್ ಮೂಲ್ಯಾಗ ಕುರ್ಚಿ ಹಾಕ್ಕೊಂಡು ಕೂತಿದ್ದ. ನಾ ಕಡೀ ಬೆಂಚಿಗೆ, ಗ್ವಾಡಿ ಕಡೆ, ಕೊಳ್ಳಾಗ ಲಾಗಿನ್ ರಟ್ಟು.

ಪ್ರಿಯಾ ಬರಿಗಾಲಿಲೆ ಮುಂದ ನಿಂತು ರೊಟ್ಟಿ ಬುಟ್ಟಿಯಿಂದ ಶುರು ಮಾಡಿದ್ಲು. ಛಲೋ ಹೊಂಟಿತು. ಒಬ್ಬಾಂವ "ನಡುವಿನ ರೊಟ್ಟಿ ಬೇಕಾದ್ರ ಮೇಡಂ?" ಅಂದ. ಅದು ನನ್ನ ಪ್ರಶ್ನಿ! ಆಕಿ ಉತ್ತರ ತಯಾರಿಟ್ಟಿದ್ಲು: "ಮ್ಯಾಲಿನವು ಮೊದಲು ನೀ ತಿನ್ನು." ಎಲ್ಲಾರೂ ನಕ್ಕರು, ಆಕಿನೂ ನಕ್ಲು.

ಆಮ್ಯಾಲ, "ಈಗ ಲಾಗಿನ್ ಸ್ಕ್ರೀನ್. ಅಜ್ಜಾರ, ಮುಂದ ಬರ್ರಿ."

"ನಾ ಏಳಂಗಿಲ್ಲ" ಅಂದೆ.

"ಅಜ್ಜಾರ, ಬರ್ರಿ."

"ಏಳಂಗಿಲ್ಲ ಅಂದೆನಲ್ಲ."

ಖೋಲಿ ತುಂಬ ನಗು. ಜಹೀರುದ್ದೀನ್ ಕೇಳಿದ, "ಕ್ಯಾ ಹುವಾ ರಾವ್‌ ಸಾಬ್, ಕಾಲು ನೋವದಾ?"

"ಇಲ್ರೀ. ಭಾಳ ಛಲೋ ಅದಾವ."

ಮತ್ತ ನಗು. ಆಕಿ ನನ್ನ ನೋಡಿದ್ಲು. ಕಿವಿ ಕೆಂಪಾದ್ವು. ಬಾಯಿ ತೆರದದ್ದು ಹಂಗೇ ಮುಚ್ಚಿತು. ಹತ್ತಿ ಮಿಲ್ಲಿನ ಬಾಗಲಾ ತೆರದದ್ದು ನನಗ ಕಂಡಿತು.

ಆಕಿ ಸುಣ್ಣದಕಡ್ಡಿ ಮೇಜಿನ ಮ್ಯಾಲ ಇಟ್ಲು. ನನ್ನ ಕಡೆ ಬೊಟ್ಟು ಮಾಡಿದ್ಲು.

"ನೋಡ್ರಿ. ಇದಕ್ಕ ಹ್ಯಾಂಗ್ ಆದ ಸ್ಕ್ರೀನ್ ಅಂತಾರ. ಒತ್ತಿದ್ರೂ ಏಳಂಗಿಲ್ಲ, ಬೈದ್ರೂ ಏಳಂಗಿಲ್ಲ. ನೀವು ಮಾಡೂ ಆ್ಯಪಿನ್ಯಾಗೂ ಇಂಥಾವು ಬರ್ತಾವ. ಇದರ ಮುಂದ ಕೈ ಕಟ್ಟಿಕೊಂಡು ನಿಂದ್ರಬಾರದು. ಬ್ಯಾರೇದು ಹಾಕ್ಬೇಕು. ಸರ್, ನೀವು ಬರ್ರಿ."

ಜಹೀರುದ್ದೀನ್ ಅತ್ತಿತ್ತ ನೋಡಿದ. "ನಾನಾ?"

"ನೀವ್ರಿ. ಬರ್ರಿ ಲಗೂನ, ಆ್ಯಪ್ ಕಾಯಾಕತ್ತದ."

ಬಂದು ನಿಂತ. ಮುಂದಿನ ಬೆಂಚಿನ ಹುಡುಗಿಗೆ ಹೆಸರು ಕೇಳಿದ, ಊರು ಕೇಳಿದ. ಪ್ರಿಯಾ ಅಂದ್ಲು, "ಇಷ್ಟೇ ಇವರ ಕೆಲಸ. ಮುಗೀತು. ಸರ್, ಈಗ ಹೊರಗ ಹೋಗ್ರಿ."

"ಬಾಜೂಕ ನಿಂದ್ರಲಾ?"

"ಬಾಗಲದ ಹೊರಗ್ರಿ. ಬುಟ್ಟ್ಯಾಗ ಇರಬಾರದು ನೀವು."

ಪರೀಕ್ಷಾ ಮಾಡಲಿಕ್ಕೆ ಬಂದಾಂವ ಹೊರಗ ಹೋಗಿ ಬಿಸಿಲಿಗೆ ನಿಂತ. ಹುಡುಗ್ಯಾರು ಒಬ್ಬೊಬ್ಬರೇ ಹೋಮ್, ಪಟ್ಟಿ, ವಿವರ ಅಂತ ರಟ್ಟು ಹಾಕ್ಕೊಂಡು ಒಬ್ಬರ ಮುಂದ ಒಬ್ಬರು ನಿಂತರು, ಹಿಂದಕ್ಕ ಹಿಂದಕ್ಕ ಅಂತ ಸರಕೋತ ಹೋದ್ರು. ಹೋಮ್ ಒಬ್ಬಾಕಿನೇ ಉಳದ್ಲು. "ಈಗ ಇನ್ನೊಮ್ಮೆ ಹಿಂದಕ್ಕ ಒತ್ತಿದ್ರ?" ಅಂದ್ಲು ಪ್ರಿಯಾ. ಜಹೀರುದ್ದೀನ್ ಬಾಗಲದಾಗ ಮಾರಿ ಹಾಕಿ, "ಬರಲಾ ನಾ?" ಅಂದ.

"ಬರಬ್ಯಾಡ್ರೀ!" ಅಂತ ಇಡೀ ಖೋಲಿ ಒದರ್ತು.

ಅಂವ ಹೊಟ್ಟಿ ಹಿಡಕೊಂಡು ನಕ್ಕ. ನಾನೂ ನಕ್ಕೆ. ಕಾಲು ಅಲ್ಲಾಡಸದಂಗ ನಕ್ಕೆ.

ಬರೂವಾಗ ಬಸ್ಸಿನ್ಯಾಗ ಪ್ರಿಯಾ ಡ್ರೈವರ್ ಹಿಂದ ಕೂತ್ಲು, ನಾ ಕಡೀಕ. ಗಬ್ಬೂರಾಗ ಬಸ್ ನಿಂತಾಗ ಹಿಂದ ಬಂದು ನನ್ನ ಮುಂದ ನಿಂತ್ಲು.

"ಇದೂ ಒಂದು ಚಾಷ್ಟಿ ಏನ್ರೀ ಅಜ್ಜಾರ? ಇವತ್ತೂ?"

"ಹೂಂ" ಅಂದೆ.

ತಿರುಗಿ ಹೋಗಿ ಕೂತ್ಲು.

ಯಾಕ ಏಳಲಿಲ್ಲ ಅಂದ್ರ, ಏಳಲಿಲ್ಲ. ಅಷ್ಟ.

ಮಾರ್ಚ್ 29, ಶನಿವಾರ

"ಪ್ರಿಯಾ, ಅವರಿಗೆ ಕೇಳವ್ವಾ, ಡಬ್ಬಿ ಎಲ್ಲಿ ಅಂತ."

"ಬಸ್ಸಿನ್ಯಾಗ ಮರತೆ ಅಂತ ಹೇಳು."

ಪ್ರಿಯಾ ಮುಟ್ಟಸಲಿಲ್ಲ. ಇವತ್ತ ಆಕಿನೂ ನನ್ನ ಜೋಡಿ ಮಾತು ಬಿಟ್ಟಾಳ. ಎಕ್ಸ್‌ಚೇಂಜ್ ಬಂದ್. ತುಳಸಿಗೆ ಹಂಗೂ ಕೇಳಿತ್ತು. ಪಾತ್ರಿ ಬಿತ್ತು.

ಹನ್ನೊಂದರ ಸುಮಾರಿಗೆ ಮ್ಯಾಲಿಂದ ಪ್ರಿಯಾ ಒದರಿದ್ದು ಕೇಳಿ ನಾನೂ ಎದ್ದು ನಿಂತೆ. ಚೇಳು ಅಂತ ತಿಳದೆ. ಅಲ್ಲ. ಜಹೀರುದ್ದೀನ್ ಫೋನ್ ಮಾಡಿದ್ದ. ಆಕಿನ್ನೇ ಆರಿಸ್ಯಾರ. ಉಗಾದಿ ಆದ ಮ್ಯಾಲ ಬಂದು ಶುರು ಮಾಡು ಅಂದಾನ. "ಆ ಹ್ಯಾಂಗ್ ಆದ ಅಜ್ಜನ ಐಡಿಯಾ ಭಾಳ ಛಲೋ ಇತ್ತು ಬೇಟಾ, ಎಷ್ಟು ದಿನ ಪ್ರಾಕ್ಟೀಸ್ ಮಾಡಿದ್ರಿ?" ಅಂತ ಕೇಳಿದನಂತ.

ಅಂಗಳದಾಗ ನಿಂತು ತುಳಸಿಗೆ ಹೇಳಿದ್ಲು ಇದನ್ನೆಲ್ಲ. ಅಳ್ತಿದ್ಲು, ನಗ್ತಿದ್ಲು. ಅವರವ್ವ ಭೀಮವ್ವಗ ಫೋನ್ ಹಚ್ಚಿ ಅದೇ ಸುದ್ದಿ ಮತ್ತ ಮೊದಲಿಂದ ಹೇಳಿದ್ಲು. ನಾ ಪಡಸಾಲ್ಯಾಗ ಪೇಪರ್ ಹಿಡಕೊಂಡಿದ್ದೆ. ಹ್ಯಾಂಗ್ ಆದ ಅಜ್ಜ ಹ್ಯಾಂಗ ಅದಾನ ಅಂತ ಯಾರೂ ಕೇಳಲಿಲ್ಲ.

ನೌಕರಿ ಆತು ಅಂದ ಮ್ಯಾಲ ವ್ರತ ಮುಗೀತು ಅಂತ ತಿಳಕೊಂಡು, "ತುಳಸಿ, ಚಹಾ" ಅಂದೆ.

ತುಳಸಿ ಗುಲ್ಶನ್ ಬೇಗಂ ಮನಿ ಕಡೆ ಮಾರಿ ಮಾಡಿ ಹೇಳಿದ್ಲು, "ನೌಕರಿ ಆತು ಖರೇ ಗುಲ್ಶನ್ ಬಾಯಿ. ಅವರಿಂದ ಆಗಿಲ್ಲ. ಅವರಿದ್ರೂ ಆತು."

ಚಹಾ ಮಾತ್ರ ಬಂತು. ಸಕ್ಕರಿ ಬರಾಬರಿ ಇತ್ತು.

ಮಾರ್ಚ್ 30, ರವಿವಾರ. ಉಗಾದಿ

ಮುಂಜಾನಿ ಪ್ರಿಯಾ ಊರಿಗೆ ಹೊಂಟು ನಿಂತಿದ್ಲು. ತುಳಸಿ ಒಳಗಿಂದ ಹೋಳಿಗಿ ಹಿಡಕೊಂಡು, "ಬಾರವ್ವಾ, ತೊಗೋ" ಅಂದ್ಲು. ಈಕಿ ಹೊಸ್ತಿಲ ಹೊರಗ ನಿಂತು ಕೈ ಚಾಚಿದ್ಲು.

"ಅಲ್ಲೆ ನಿಂತು ಹ್ಯಾಂಗ ತೊಗೋತಿ? ತುಪ್ಪ ಸೋರ್ತದ. ಒಳಗ ಬಾ."

"ಅಮ್ಮಾರ, ನೀವು ಮಡಿ..."

"ಮತ್ತ ಸ್ನಾನ ಮಾಡಿದ್ರಾತು. ನೀರಿಗೇನು ಬರ ಅದೇನು? ಬಾ."

ಪ್ರಿಯಾ ಚೀಲ ಕೆಳಗ ಇಟ್ಲು. ಆಮ್ಯಾಲ ದಾಟಿದ್ಲು. ನಾ ಪೇಪರ್ ಓದ್ಲಿಕತ್ತಿದ್ದೆ, ನೋಡಿಲ್ಲ. ಹೋಗೂವಾಗ ನನ್ನ ಮುಂದ ಬಂದು ಕಾಲಿಗೆ ಬಿದ್ಲು. ಮಾತಿಲ್ಲ. ನಾ ತಲಿ ಮ್ಯಾಲ ಕೈ ಇಟ್ಟೆ.

ಆಕಿ ಹೋದ ಮ್ಯಾಲ ತುಳಸಿ ಬೇವು ಬೆಲ್ಲ ತಂದು ನನ್ನ ಕೈಯಾಗೇ ಹಾಕಿದ್ಲು. "ತೊಗೋರಿ" ಅಂದ್ಲು. ನನಗ. ನಡುವ ಯಾರೂ ಇಲ್ಲದೇ. ವರ್ಷದ ಮೊದಲನೇ ದಿನ ಗಂಡನ ಜೋಡಿ ಮುನಿಸು ಇರಬಾರದಂತ ಇರಬೇಕು. ನಾ ಬೇವು ಬಾಯಾಗ ಹಾಕ್ಕೊಂಡೆ.

"ಈಗರೇ ಖರೇ ಹೇಳ್ರಿ. ಡಬ್ಬಿ ಎಲ್ಲದ?"

"ಬಸ್ಸಿನ್ಯಾಗ."

"ಮತ್ತ ಅವತ್ತ ಯಾಕ ಏಳಲಿಲ್ಲ? ಆ ಹುಡುಗಿ ಬದುಕಿನ ಪ್ರಶ್ನಿ ಇತ್ತು. ನಿಮಗ ಅಷ್ಟೂ ತಿಳೀಲಿಲ್ಲ?"

'ನೆಪ' ಆ್ಯಪಿನ್ಯಾಗ ಈ ಪ್ರಶ್ನಿ ಹಾಕಿದ್ದಿಲ್ಲ. "ಸುಮ್ಮನ" ಅಂದೆ. ಆಕಿ ಒಳಗ ಹೋದ್ಲು. ಮತ್ತ ಸ್ನಾನಕ್ಕ ನೀರು ಬಿಟ್ಟದ್ದು ಕೇಳಿತು.

ಈಗ ಊಟ ಆತು. ಆಕಿ ಅಡ್ಡಾಗ್ಯಾಳ. ಬಿಸಿಲು ಪಡಸಾಲಿ ತನಾ ಬಂದದ. ದಿನಚರ್ಯಾಗ ದೇವದುರ್ಗಕ್ಕ ಹೋದ ದಿನದ್ದು ಒಂದು ಬಿಟ್ಟು ಬರದೀನಿ, ಅದನ್ನ ಬರದು ಮುಗಸ್ತೀನಿ.

ಆಕಿ ರೊಟ್ಟಿ ಪಾಠ ಮಾಡೂವಾಗ ನಾ ಕೂತ ಕಡೆ ಫರಸಿ ಸಂದಿಯಿಂದ ಅದು ಹೊರಗ ಬಂತು. ಅಂಗೈ ಅಗಲ ಅಲ್ಲ, ಬೊಟ್ಟಿನಷ್ಟು. ಕರ್ರಗ ಅಲ್ಲ, ಕೆಂಚು. ಕೆಂಚು ಇನ್ನೂ ಕೆಟ್ಟದ್ದು. ಗ್ವಾಡಿ ಹಿಡದು ಮುಂದ ಹೊಂಟಿತ್ತು, ಆಕಿ ಬರಿಗಾಲಿಲೆ ನಿಂತ ಕಡೆ. ಬಾಯಿ ತೆರದೆ. ಒದರಿದ್ರ ಏನಾಗ್ತಿತ್ತು ಅಂತ ಆವಾಗ ಹೊಳೀತು. ನಂಬಿದ್ರ ಖೋಲಿ ಖಾಲಿ, ಪಾಠ ಅಲ್ಲಿಗೇ ಮುಗೀತು. ನಂಬದಿದ್ರ ಮತ್ತ ಮುದುಕನ ಚಾಷ್ಟಿ ಅಂತ ಎಲ್ಲಾರೂ ನಗ್ತಾರ, ಆಕಿ ಬಾಯಿ ಬಂದ್, ಅದು ಮಾತ್ರ ಮುಂದ ಹೊಂಟೇ ಇರ್ತದ. ಡಬ್ಬಿ ಖಾಲಿ ಇತ್ತು. ಬೋರಲ ಹಾಕಿದೆ. ಫರಸಿ ಮ್ಯಾಲಕೆಳಗ ಇತ್ತು, ಒಂದು ಕಡೆ ಸಂದಿ ಉಳೀತು, ಅದಕ್ಕ ಮ್ಯಾಲ ಕಾಲಿಟ್ಟು ಒತ್ತಿ ಹಿಡದೆ. ಅಂಗಾಲಿಗೆ ಅದು ಒಳಗ ಕೆರಿಯೂದು ಗೊತ್ತಾಗ್ತಿತ್ತು. ಆಕಿ ಅಜ್ಜಾರ ಮುಂದ ಬರ್ರಿ ಅಂದದ್ದು ಆವಾಗ.

ಎಲ್ಲಾರೂ ಚಹಾಕ್ಕ ಹೋದ ಮ್ಯಾಲ ಲಾಗಿನ್ ರಟ್ಟು ಡಬ್ಬಿ ಕೆಳಗ ತೂರಿಸಿ, ಹಂಗೇ ಎತ್ತಿಕೊಂಡು ಹಿಂದಿನ ಕಲ್ಲಿನ ಗುಂಪಿಗೆ ಒಯ್ದು ಬಿಟ್ಟೆ. ಚೇಳು ಕೂತ ಡಬ್ಬಿ ತುಳಸಿ ಅಡಗಿಮನಿಗೆ ಹ್ಯಾಂಗ ತರಲಿ? ಅಲ್ಲೇ ಬೇವಿನ ಗಿಡದ ಬುಡಕ್ಕ ಇಟ್ಟು ಬಂದೆ. ಪ್ರಿಯಾ ನೌಕರಿಗೆ ಹೋದ ದಿನ ಕಂಡ್ರ ಕಾಣ್ತದ.

ಈ ಮಾತು ಯಾರಿಗೆ ಹೇಳಿದ್ರೂ ನಂಬಂಗಿಲ್ಲ. ಮೊದಲನೇ ದಿನದ ಪುಟ ತಗದು ನೋಡಿದ್ರ ನಾನೂ ನಂಬಂಗಿಲ್ಲ. ಇರವಲ್ದ್ಯಾಕ. ಅವತ್ತ ದೇವದುರ್ಗದಾಗ ಚೇಳು ಇತ್ತು. ನಾ ಒದರಲಿಲ್ಲ.